ವಿದ್ಯುತ್ ಮೋಟಾರು, ಇಂಧನಕೋಶ ಮತ್ತು ದುರ್ಲಭ ಲೋಹಗಳು

ವಿಜಯನಗರದ ನಿಲ್ದಾಣದಿಂದ ಮೆಟ್ರೋ ಗಾಡಿ ಹೊರಡುವಾಗ ಹೊಗೆಯಿಲ್ಲ, ಯಂತ್ರದ ಆರ್ಭಟವಿಲ್ಲ. ಮೆಲ್ಲನೆ ಹುಟ್ಟಿ ಏರುತ್ತ ಹೋಗುವ ಒಂದು ಸ್ವರವಷ್ಟೇ ಕೇಳಿಬರುತ್ತದೆ. 2015ರ ನವೆಂಬರಿನಲ್ಲಿ ಮೈಸೂರು ರಸ್ತೆಯವರೆಗೂ 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೂ ಬೆಳೆದ ಈ ಮಾರ್ಗದಲ್ಲಿ, ಪಕ್ಕದ ಮೂರನೆಯ ಹಳಿಯು ಗಾಡಿಗೆ 750 ವೋಲ್ಟಿನ ಏಕಮುಖ ವಿದ್ಯುತ್ತನ್ನು ಒದಗಿಸುತ್ತದೆ. ಗಾಡಿಯಲ್ಲಿರುವ ಪರಿವರ್ತಕವು ಅದನ್ನು ತ್ರೀ-ಫೇಸ್ ಪರ್ಯಾಯ ವಿದ್ಯುತ್ತನ್ನಾಗಿ ಮಾರ್ಪಡಿಸಿ ಮೋಟಾರಿಗೆ ಕೊಡುತ್ತದೆ. ಕಿವಿಗೆ ಬೀಳುವ ಆ ಸ್ವರ ಬಹುಮಟ್ಟಿಗೆ ಈ ಮಾರ್ಪಾಡಿನದೇ.

ಬಿಇಎಂಎಲ್ ನಿರ್ಮಿಸಿದ ಮೊದಲ ಗಾಡಿಗಳಲ್ಲಿರುವುದು ಪ್ರೇರಣ ಮೋಟಾರು. 1888ರಲ್ಲಿ ನಿಕೊಲಾ ಟೆಸ್ಲಾ ಹಕ್ಕುಪತ್ರ ಪಡೆದ ತತ್ತ್ವ. ಹೊರಗಿನ ಸುರುಳಿಗಳಲ್ಲಿ ಹರಿಯುವ ವಿದ್ಯುತ್ತು ಸುತ್ತುವ ಕಾಂತಕ್ಷೇತ್ರವನ್ನು ನಿರ್ಮಿಸುತ್ತದೆ. ಒಳಗಿನ ಭಾಗಕ್ಕೆ ತಂತಿಯ ಸಂಪರ್ಕವೇ ಇಲ್ಲ. ಆದರೂ ಅದರಲ್ಲಿ ವಿದ್ಯುತ್ತು ಪ್ರೇರಿತವಾಗಿ, ಕ್ಷೇತ್ರದ ಬೆನ್ನುಹತ್ತಿ ತಿರುಗುತ್ತದೆ. ಸವೆಯುವ ಬ್ರಷ್ ಇಲ್ಲ, ಶಾಶ್ವತ ಕಾಂತವೂ ಇಲ್ಲ. ಗಾಡಿ ನಿಲ್ಲುವಾಗ ಇದೇ ಮೋಟಾರು ಜನರೇಟರಾಗಿ, ಉತ್ಪತ್ತಿಯಾದ ವಿದ್ಯುತ್ತನ್ನು ಹಳಿಗೆ ಹಿಂದಿರುಗಿಸುತ್ತದೆ. ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು ಏಕಮುಖ ಪ್ರವಾಹದ ಮೋಟಾರಿನಿಂದ ಆರಂಭಿಸಿ, ಮುಂದೆ ಪರ್ಯಾಯ ಪ್ರವಾಹದ ಮೋಟಾರನ್ನೇ ಆಶ್ರಯಿಸಿತು.

ಬ್ಯಾಟರಿಯ ಸ್ಕೂಟರಿನ ಪಾಡು ಬೇರೆ. ಅಲ್ಲಿ ಒಂದೊಂದು ಕಿಲೋಗ್ರಾಮಿಗೂ ಲೆಕ್ಕವಿದೆ. ಆದುದರಿಂದ 1980ರ ದಶಕದಲ್ಲಿ ಬಂದ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಕಾಂತಗಳು ಮೋಟಾರಿನ ಒಡಲು ಸೇರಿದವು. ಕಾಸಿದರೂ ಬಲಗುಂದದಂತೆ ಅವಕ್ಕೆ ಡಿಸ್ಪ್ರೋಸಿಯಂ ಬೆರೆಸುವರು. 2025ರ ಏಪ್ರಿಲಿನಲ್ಲಿ ಚೀನಾ ಇಂಥ ಧಾತುಗಳ ರಫ್ತಿಗೆ ಅನುಮತಿಯ ನಿರ್ಬಂಧ ಹೇರಿದೊಡನೆ ನಮ್ಮ ವಾಹನ ತಯಾರಕರು ಕಾಂತಗಳಿಗಾಗಿ ಪರದಾಡಿದರು. ಅದೇ ವರ್ಷ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಸಂಸ್ಥೆ ಫೆರೈಟ್ ಕಾಂತದ ಮೋಟಾರನ್ನು ಪ್ರಕಟಿಸಿತು. ಫೆರೈಟ್ ಅಗ್ಗ, ಆದರೆ ದುರ್ಬಲ. ಆ ಕೊರತೆಯನ್ನು ರಚನೆಯ ಜಾಣ್ಮೆಯಿಂದ ತುಂಬಬೇಕು.

ಲೋಹದ ಇಂಥದೇ ಸಂಕಟ ಇಂಧನಕೋಶಕ್ಕೂ ಉಂಟು. ಜಲಜನಕ, ಆಮ್ಲಜನಕಗಳನ್ನು ನೀರಾಗಿ ಕೂಡಿಸಿ ವಿದ್ಯುತ್ತನ್ನು ಪಡೆಯುವ ಈ ಸಾಧನವನ್ನು ವಿಲಿಯಂ ಗ್ರೋವ್ 1839ರಲ್ಲಿಯೇ ಪ್ಲಾಟಿನಂ ಪಟ್ಟಿಗಳಿಂದ ರಚಿಸಿದ್ದನು. ಪ್ಲಾಟಿನಂ ಇಲ್ಲಿ ಕ್ರಿಯಾವರ್ಧಕ. ಮದುವೆ ಕುದುರಿಸಿ, ಊಟಕ್ಕೂ ನಿಲ್ಲದೆ ಮುಂದಿನ ಮನೆಗೆ ಹೊರಡುವ ಹಿರಿಯನಂತೆ ಅದು ಕ್ರಿಯೆಯನ್ನು ನಡೆಸಿಕೊಡುತ್ತದೆ, ತಾನು ಅದರಲ್ಲಿ ಕರಗುವುದಿಲ್ಲ. ಜಲಜನಕ ಬೇಗ ಒಡೆಯುತ್ತದೆ, ಹಟಮಾರಿಯೆಂದರೆ ಆಮ್ಲಜನಕ. ಪ್ಲಾಟಿನಮ್ಮಿನ ಹೆಚ್ಚು ಪಾಲು ವೆಚ್ಚವಾಗುವುದು ಆ ಬದಿಯಲ್ಲಿಯೇ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ ಇಂಗಾಲದ ಪುಡಿಯ ಮೇಲೆ ಹರಡುವುದರಿಂದ ಲೋಹದ ಪ್ರಮಾಣ ತಗ್ಗಿತು. ಕೋಬಾಲ್ಟಿನೊಡನೆ ಬೆರೆಸಿದಾಗ ಕಾರ್ಯಪಟುತ್ವ ಹೆಚ್ಚಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರೊ. ಎ. ಕೆ. ಶುಕ್ಲ ಮೊದಲಾದವರು ಇಂಧನಕೋಶಗಳ ಸಂಶೋಧನೆಯಲ್ಲಿ ದೀರ್ಘಕಾಲ ದುಡಿದಿದ್ದಾರೆ.

ಪ್ಲಾಟಿನಂ ಇಲ್ಲದೆಯೇ, ಕಬ್ಬಿಣ, ಸಾರಜನಕ, ಇಂಗಾಲಗಳನ್ನು ಹೆಣೆದು ಮಾಡಿದ ಕ್ರಿಯಾವರ್ಧಕಗಳೂ ಪ್ರಯೋಗಶಾಲೆಗಳಲ್ಲಿವೆ. ಬೆಲೆ ತೀರ ಕಡಿಮೆ. ಆದರೆ ಕೋಶದೊಳಗಿನ ಆಮ್ಲದಲ್ಲಿ ಅವು ಬೇಗ ಸೊರಗುತ್ತವೆ. ಬಸ್ಸೊಂದು ವರ್ಷಗಟ್ಟಲೆ ಓಡಲು ಬೇಕಾದ ಬಾಳಿಕೆ ಅವಕ್ಕೆ ಇನ್ನೂ ಬಂದಿಲ್ಲ.