ಆರೋಗ್ಯದಿಂದಿರುವ ಅಪೆಂಡಿಕ್ಸನ್ನು ತೆಗೆಸಬೇಕೆ?

“ಹೇಗೂ ಹೊಟ್ಟೆ ತೆರೆಯುತ್ತೇವೆ, ಅಪೆಂಡಿಕ್ಸನ್ನೂ ತೆಗೆದುಬಿಡೋಣವೆ?” ಮಗಳ ಅಂಡಾಶಯದ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಹೀಗೆ ಕೇಳಿದರೆಂದು ಪರಿಚಿತ ಗೃಹಸ್ಥರೊಬ್ಬರು ನಮ್ಮಲ್ಲಿ ಚಿಂತೆ ತೋಡಿಕೊಂಡರು. ನಾವು ವೈದ್ಯರಲ್ಲ. ಆದರೆ ಈ ಪ್ರಶ್ನೆ ಯಾವ ಮನೆಗಾದರೂ ಬರಬಹುದಾದ್ದರಿಂದ, ಓದಿ ಅರಿತುದನ್ನು ಇಲ್ಲಿ ನಿವೇದಿಸುತ್ತೇವೆ.

ದೊಡ್ಡ ಕರುಳಿನ ಆರಂಭದಲ್ಲಿ, ಹೊಟ್ಟೆಯ ಬಲಭಾಗದ ಕೆಳಗೆ, ಕಿರುಬೆರಳಿನಂತೆ ಜೋತಿರುವ ನಾಳವೇ ಅಪೆಂಡಿಕ್ಸ್. 1871ರಲ್ಲಿ ಡಾರ್ವಿನ್ ಇದನ್ನು ನಿರುಪಯುಕ್ತ ಅವಶೇಷವೆಂದು ಬಗೆದನು. ಆ ಭಾವನೆ ಬಹುಕಾಲ ನಿಂತಿತು. ಆದರೆ ಇದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ಹೇರಳವಾಗಿದೆ. ಭೇದಿಯ ತರುವಾಯ ಕರುಳಿನಲ್ಲಿ ಮತ್ತೆ ನೆಲೆಸಬೇಕಾದ ಹಿತಕರ ಸೂಕ್ಷ್ಮಜೀವಿಗಳಿಗೆ ಇದು ಆಶ್ರಯವಾಗಿರಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಸೂಚಿಸಿದರು. ಮೂತ್ರಕೋಶದ ದೋಷವುಳ್ಳ ಮಕ್ಕಳಿಗೆ ಇದನ್ನೇ ಮೂತ್ರಮಾರ್ಗವಾಗಿ ಜೋಡಿಸುವ ವಿಧಾನವನ್ನು ಫ್ರಾನ್ಸಿನ ಮಿತ್ರೊಫನೋಫ್ 1980ರಲ್ಲಿ ಪ್ರಕಟಿಸಿದರು. ಒಮ್ಮೆ ತೆಗೆದರೆ ಈ ಅವಕಾಶ ಉಳಿಯದು.

ತೆಗೆಯಬೇಕೆನ್ನುವವರ ಮಾತಿನಲ್ಲಿಯೂ ಹುರುಳಿದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಗಣನೆಯಂತೆ, ಜೀವಮಾನದಲ್ಲಿ ಅಪೆಂಡಿಸೈಟಿಸ್ ಬರುವ ಸಂಭವ ಗಂಡಸರಲ್ಲಿ ನೂರಕ್ಕೆ 8.6, ಹೆಂಗಸರಲ್ಲಿ 6.7. ಆದರೆ ಒಬ್ಬರಿಗೆ ಈ ರೋಗ ತಪ್ಪಿಸಲು ಸುಮಾರು 36 ಮಂದಿಯ ಅಪೆಂಡಿಕ್ಸ್ ತೆಗೆಯಬೇಕೆಂದೂ ಆ ಗಣನೆ ಹೇಳಿತು. ಹದಿಹರೆಯ ಕಳೆದಂತೆ ರೋಗದ ಸಂಭವವೂ ತಗ್ಗುವುದರಿಂದ ವೃದ್ಧರಿಗೆ ಲಾಭ ಅತ್ಯಲ್ಪ. ಕರುಳಿನ ಭಾಗವನ್ನು ಕತ್ತರಿಸುವುದರಿಂದ, ಶುದ್ಧವಾಗಿ ಮುಗಿಯಬೇಕಾದ ಚಿಕಿತ್ಸೆಯಲ್ಲಿ ಸೋಂಕಿನ ಅಪಾಯ ಸೇರುತ್ತದೆ. ಕೃತಕ ಜಾಲರಿಯನ್ನೋ ರಕ್ತನಾಳವನ್ನೋ ಅಳವಡಿಸುವಾಗ ಈ ಅಪಾಯ ಸಣ್ಣದಲ್ಲ.

ವಿಶೇಷ ಸಂದರ್ಭಗಳುಂಟು. ಹುಟ್ಟಿನಿಂದಲೇ ಕರುಳು ತಿರುವಿಕೊಂಡ ಮಕ್ಕಳಿಗೆ ಅದನ್ನು ಸರಿಪಡಿಸಿದಾಗ ಅಪೆಂಡಿಕ್ಸ್ ಎಡಭಾಗದಲ್ಲಿ ಉಳಿಯುತ್ತದೆ. ಮುಂದೆ ಅಲ್ಲಿ ನೋವೆದ್ದರೆ ಕಾರಣ ತಿಳಿಯುವುದು ಕಷ್ಟವೆಂದು ಅದನ್ನು ತೆಗೆಯುವುದು ರೂಢಿ. ಕಾರಣ ತಿಳಿಯದ ಕೆಳಹೊಟ್ಟೆ ನೋವಿನಿಂದ ಬಹುಕಾಲ ಬಳಲುವ ಯುವತಿಯರ ವಿಷಯದಲ್ಲಿಯೂ ವೈದ್ಯರು ಇದನ್ನು ಆಲೋಚಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು ಒಪ್ಪಿಗೆ. ಪ್ರಾಣ ಉಳಿಸಲು ತಕ್ಷಣವೇ ಅಗತ್ಯವಾದ ಹೊರತು, ರೋಗಿಯು ಒಪ್ಪಿದುದನ್ನು ಮೀರಿ ವೈದ್ಯರು ಶಸ್ತ್ರಚಿಕಿತ್ಸೆ ಮಾಡಲಾಗದು; ಮುಂದೊಮ್ಮೆ ಬರುವ ನೋವು, ಖರ್ಚು ಉಳಿಯುತ್ತದೆಂಬುದು ಸಮರ್ಥನೆಯಾಗದು ಎಂದು ನಮ್ಮ ಸುಪ್ರೀಂ ಕೋರ್ಟು 2008ರ ಜನವರಿ 16ರಂದು ತೀರ್ಪಿತ್ತಿದೆ.

“ತಾವು ತೀರ್ಮಾನಿಸಬೇಡಿ, ಮಗಳು ಪ್ರಾಪ್ತವಯಸ್ಕಳು, ಆಕೆಯೇ ಕೇಳಲಿ” ಎಂದು ಆ ಗೃಹಸ್ಥರಿಗೆ ಹೇಳಿದೆವು. “ನನಗೆ ತೆಗೆಯಲೇಬೇಕಾದ ಕಾರಣವಿದೆಯೆ?” ಎಂದು ಆಕೆ ಕೇಳಿದಳಂತೆ. ಇಲ್ಲವೆಂದು ವೈದ್ಯರು ಪ್ರಾಮಾಣಿಕವಾಗಿ ನುಡಿದು ಹಾಗೆಯೇ ಬಿಟ್ಟರಂತೆ. ವಾಚಕರೂ ಸಹಿ ಹಾಕುವ ಮುನ್ನ ಈ ಒಂದು ಪ್ರಶ್ನೆ ಕೇಳಲಿ. ತೆಗೆಸಿದ್ದಾದರೆ ಬಿಡುಗಡೆಯ ಪತ್ರದಲ್ಲಿ ಅದನ್ನು ಬರೆಯಿಸಿ ಜೋಪಾನವಾಗಿಡಲಿ. ಮುಂದೆಂದಾದರೂ ಬಲಗಡೆ ಹೊಟ್ಟೆನೋವು ಬಂದಾಗ ಆ ಒಂದು ಸಾಲು ವೈದ್ಯರಿಗೆ ದಾರಿ ತೋರುತ್ತದೆ.