ಅಸ್ತ್ರ ಒಲೆ ಹಳ್ಳಿಗೆ ಬಂತು, ಅಸ್ತ್ರದ ಇಟ್ಟಿಗೆ ಬರಲಿಲ್ಲ

ರಾಜ್ಯದ ಹಳ್ಳಿಗಳಲ್ಲಿ ನಡುವಯಸ್ಸು ದಾಟಿದ ಯಾವ ಹೆಂಗಸನ್ನು ಕೇಳಿದರೂ ಅಸ್ತ್ರ ಒಲೆ ಗೊತ್ತು. ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿ, ಸೌದೆ ಉಳಿಸಿದ ಒಲೆ ಅದು. ಅದೇ ‘ಅಸ್ತ್ರ’ದವರು ಗೋಡೆಗೂ ಒಂದು ಇಟ್ಟಿಗೆ ಮಾಡಿದ್ದರು ಎನ್ನುವುದು ಮಾತ್ರ ಹೆಚ್ಚು ಜನಕ್ಕೆ ತಿಳಿದಿಲ್ಲ. ಸುಡದೆ, ಮಣ್ಣನ್ನು ಒತ್ತಿ ಮಾಡಿದ ಇಟ್ಟಿಗೆ. ಇವತ್ತು ಹೊಸ ಕಟ್ಟಡದ ಇಂಗಾಲ ತಗ್ಗಿಸುವ ಮಾತು ಎಲ್ಲಿ ಬಂದರೂ ಅದರ ಹೆಸರು ಬರುತ್ತದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ತಂಡ ಕಟ್ಟಿದರು. ಅವರು ವಿದ್ಯುತ್ ರಸಾಯನಶಾಸ್ತ್ರದ ಪಂಡಿತರು. ದೊಡ್ಡ ಸಂಸ್ಥೆಯ ವಿಜ್ಞಾನ ಬಡವರ ಮನೆಬಾಗಿಲಿಗೆ ಯಾಕೆ ಹೋಗುವುದಿಲ್ಲ ಎಂಬ ಪ್ರಶ್ನೆ ಅವರನ್ನು ಕಾಡಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರ ತೆರೆದು ಬಯೋಗ್ಯಾಸ್, ಒಲೆ, ಮನೆ ಎಲ್ಲಕ್ಕೂ ಕೈಹಾಕಿದರು. ಮನೆಯ ಕೆಲಸ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕೆ.ಎಸ್. ಜಗದೀಶ್ ಅವರ ಪಾಲಿಗೆ ಬಂತು. ಬಿ.ವಿ. ವೆಂಕಟರಾಮ ರೆಡ್ಡಿ ಜಗದೀಶರ ಜೊತೆಗೂಡಿದರು.

ಮಣ್ಣು ಒತ್ತುವ ಯಂತ್ರ ಅವರ ಕಲ್ಪನೆಯೇನೂ ಅಲ್ಲ. 1950ರ ದಶಕದಲ್ಲೇ ಕೊಲಂಬಿಯಾದ ಬೊಗೋಟದಲ್ಲಿ ಸಿನ್ವಾ-ರಾಮ್ ಎಂಬ ಕೈಯಂತ್ರ ಹುಟ್ಟಿತ್ತು. ಇಲ್ಲಿಯವರು ಅದನ್ನು ನಮ್ಮ ಮಣ್ಣಿಗೆ, ನಮ್ಮ ಕೂಲಿಯವರ ತೋಳಿನ ಬಲಕ್ಕೆ ಒಗ್ಗಿಸಿದರು. ಹಾಗೆ ಬಂದ ಯಂತ್ರಗಳಲ್ಲಿ ಒಂದು ‘ಮರ್ದಿನಿ’. ಮರಳು ಬೆರೆತ ಕೆಂಪು ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟ್ ಸೇರಿಸಿ, ಹದವಾಗಿ ನೀರು ಚಿಮುಕಿಸಿ, ಅಚ್ಚಿಗೆ ತುಂಬಿ ಸನ್ನೆ ಎಳೆದರೆ ಬ್ಲಾಕ್ ಹೊರಬೀಳುತ್ತದೆ. ಆಮೇಲೆ ಎರಡು ಮೂರು ವಾರ ಹುಲ್ಲು ಮುಚ್ಚಿ ನೀರುಣಿಸಬೇಕು. ಸಿಮೆಂಟ್ ಗಟ್ಟಿಯಾಗುವುದಕ್ಕೆ ಅಷ್ಟು ಸಾಕು, ಬೆಂಕಿ ಬೇಡ. ಎರೆ ಮಣ್ಣಾದರೆ ಕತೆ ಬೇರೆ: ಅದು ನೀರು ಕುಡಿದು ಉಬ್ಬುತ್ತದೆ, ಸಿಮೆಂಟ್ ಅದನ್ನು ಹಿಡಿದು ನಿಲ್ಲಿಸುವುದಿಲ್ಲ, ಸುಣ್ಣವೂ ಮರಳೂ ಬೇಕಾಗುತ್ತವೆ. 1982ರಲ್ಲಿ ಭಾರತೀಯ ಮಾನಕ ಸಂಸ್ಥೆ ಮಣ್ಣಿನ ಬ್ಲಾಕಿನ ಐಎಸ್ 1725 ಎಂಬ ಮಾನದಂಡವನ್ನೂ ಪರಿಷ್ಕರಿಸಿತು.

ಆಗ ಇಂಗಾಲದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಸೌದೆ ಉಳಿಯಲಿ, ದುಡ್ಡು ಉಳಿಯಲಿ ಎಂಬುದಷ್ಟೇ ಗುರಿ. ಲೆಕ್ಕ ಬಂದದ್ದು ಮುಂದೆ. 2003ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧ, ಒಂದು ಮನೆ ಏಳುವ ಮೊದಲೇ ಅದರ ಸಾಮಗ್ರಿ ಎಷ್ಟು ಶಕ್ತಿ ನುಂಗಿರುತ್ತದೆ ಎಂದು ಅಳೆಯಿತು. ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್. ಅಂಥ ಎರಡೂವರೆ ಇಟ್ಟಿಗೆಯ ಜಾಗ ತುಂಬುವ ಮಣ್ಣಿನ ಬ್ಲಾಕಿಗೆ, ಆರು ಪಾಲು ಸಿಮೆಂಟ್ ಹಾಕಿದರೆ, 2.6. ಒಂದು ಘನ ಮೀಟರ್ ಇಟ್ಟಿಗೆ ಗೋಡೆಗೆ 2,141 ಮೆಗಾಜೂಲ್, ಮಣ್ಣಿನ ಬ್ಲಾಕಿನ ಗೋಡೆಗೆ 646.

ಆದರೆ ಅದೇ ಪಟ್ಟಿಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ ಸಾಲು ಬೇರೆ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯ ಲೆಕ್ಕ 819ರಿಂದ 971. ಅಂದರೆ ರಸ್ತೆಬದಿ ರಾಶಿ ಹಾಕಿ ಮಾರುವ ಸಿಮೆಂಟ್ ಬ್ಲಾಕನ್ನು ನಾವು ಬೈಯುವಷ್ಟು ಅದು ಕೆಟ್ಟದ್ದಲ್ಲ. ಅಂಥ ಗೋಡೆಯಾದರೆ ನಿಜವಾದ ಹೊರೆ ಗೋಡೆಯಲ್ಲಿಲ್ಲ, ಪಿಲ್ಲರ್, ಬೀಮ್, ಸ್ಲ್ಯಾಬ್‌ಗಳಲ್ಲಿದೆ. ಒಂದು ಕಿಲೋ ಉಕ್ಕಿಗೆ 42 ಮೆಗಾಜೂಲ್. ಪಿಲ್ಲರ್ ಹಾಕಿ ಎಬ್ಬಿಸಿದ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಗೋಡೆಯೇ ಭಾರ ಹೊರುವ ಎರಡಂತಸ್ತಿನ ಇಟ್ಟಿಗೆ ಮನೆಗೆ 2.92, ಗೋಡೆ ಚಾವಣಿ ಎರಡಕ್ಕೂ ಮಣ್ಣಿನ ಬ್ಲಾಕ್ ಬಳಸಿದ್ದಕ್ಕೆ 1.61.

ಸಿಮೆಂಟಿನ ತೊಂದರೆ ಶಕ್ತಿಯ ಲೆಕ್ಕಕ್ಕೆ ಮುಗಿಯುವುದಿಲ್ಲ. ಸುಣ್ಣಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಇಂಗಾಲವೇ ಗಾಳಿಗೆ ಸೇರುತ್ತದೆ. ಅಲ್ಲಿ ಕಲ್ಲಿದ್ದಲ ಬದಲು ಸೌರಶಕ್ತಿ ತಂದರೂ ಆ ಪಾಲು ತಪ್ಪದು. ಜಗತ್ತಿನಲ್ಲಿ ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಇದನ್ನು ತಗ್ಗಿಸಲೆಂದು ಜೇಡಿಮಣ್ಣನ್ನು ಕಡಿಮೆ ಬಿಸಿಯಲ್ಲಿ ಹುರಿದು ಸುಣ್ಣಕಲ್ಲಿನ ಪುಡಿ ಬೆರೆಸಿದ ಹೊಸ ಸಿಮೆಂಟಿಗೂ ಭಾರತ 2023ರಲ್ಲಿ ಮಾನದಂಡ ಕೊಟ್ಟಿದೆ. ಅದು ಊರಿನ ಅಂಗಡಿಗೆ ಬರಲು ಹೊತ್ತಿದೆ.

ಇಷ್ಟೆಲ್ಲ ಗೊತ್ತಿದ್ದೂ ಆ ಮಣ್ಣಿನ ಬ್ಲಾಕ್ ಹೋದದ್ದೆಲ್ಲಿಗೆ? ಬೆಂಗಳೂರಿಗೆ. ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಪಾಯಕ್ಕೆ ತೆಗೆದ ಮಣ್ಣನ್ನೇ ಗೋಡೆಗೆ ಒತ್ತಿಸಿ ಚೆಂದದ ಮನೆಗಳನ್ನು ಕಟ್ಟಿದರು. ಗಾರೆ ಬಳಿಯದ ಕೆಂಪು ಗೋಡೆ ಅಲ್ಲಿ ಅಭಿರುಚಿಯ ಗುರುತಾಯಿತು. ಹಳ್ಳಿಯ ಬಡವನಿಗೆಂದು ಮಾಡಿದ್ದು ನಗರದ ಉಳ್ಳವರ ಮನೆಗೆ ಒಪ್ಪಿತು.

ತುಂಗಭದ್ರೆಯ ಸೀಮೆಯ ಗೋವಿನಕೋವಿಯಂಥ ಊರಿನಲ್ಲಿ ಮಣ್ಣಿನ ಗೋಡೆ ಎಂದರೆ ಬೇರೆಯೇ ನೆನಪು. 2019ರ ಆಗಸ್ಟ್ ನೆರೆಯಲ್ಲಿ ಆ ಊರಿರುವ ಹೊನ್ನಾಳಿ ಸೀಮೆ ನೀರು ಕಂಡಿತು. ನೆನೆದ ಗೋಡೆ ಕುಸಿಯುವುದು ಪ್ರತಿ ಮಳೆಗಾಲದ ಸುದ್ದಿ. ರಾಜ್ಯದಲ್ಲಿ ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ದುಡ್ಡು ಹಿಡಿದವರಿಗೆ ಮತ್ತೆ ಮಣ್ಣು ಹಾಕಿ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಒತ್ತಿದ ಬ್ಲಾಕ್ ಬೇರೆ, ಹಳೆಯ ಮುದ್ದೆ ಗೋಡೆ ಬೇರೆ ಎಂದು ಹೇಳುವವರಿಲ್ಲ. ಮೇಸ್ತ್ರಿಗೆ ಗೊತ್ತಿಲ್ಲ, ಕಂಟ್ರಾಕ್ಟರಿಗೆ ಲಾಭವಿಲ್ಲ. ಒಂದಂತಸ್ತಿನ ಮನೆಗೂ ಪಿಲ್ಲರ್ ಎಬ್ಬಿಸಿ, ಮೇಲೆ ಕಂಬಿ ಬಿಟ್ಟು, ‘ನಾಳೆ ಮಗ ಮೇಲೆ ಕಟ್ತಾನೆ’ ಎನ್ನುವುದು ರೂಢಿ. ಮಗ ದಾವಣಗೆರೆಯಲ್ಲಿ ಬಾಡಿಗೆಗಿರುತ್ತಾನೆ, ಕಂಬಿ ತುಕ್ಕು ಹಿಡಿಯುತ್ತದೆ.

ಇಟ್ಟಿಗೆ ಭಟ್ಟಿಯವರ ವಾದವೂ ಒಂದಿದೆ. ಭತ್ತದ ಸೀಮೆಯಲ್ಲಿ ಹೊಟ್ಟು ಸುಟ್ಟರೆ ಅದು ಬೆಳೆಯದೇ ಇಂಗಾಲ, ಮುಂದಿನ ಬೆಳೆ ಮತ್ತೆ ಹೀರಿಕೊಳ್ಳುತ್ತದೆ ಎನ್ನಬಹುದು. ಮಾತಿನಲ್ಲಿ ಸತ್ಯವಿದೆ. ಮತ್ತೆ ಬೆಳೆಸದ ಸೌದೆಗೂ ಕಲ್ಲಿದ್ದಲಿಗೂ ಅದು ಹೊಂದುವುದಿಲ್ಲ, ಇಟ್ಟಿಗೆಗೆಂದು ಹೊಲದ ಮೇಲ್ಮಣ್ಣು ಹೋದದ್ದಂತೂ ತಿರುಗಿ ಬರುವುದಿಲ್ಲ.

ನನ್ನ ಮಾತು ಇಷ್ಟೆ. ಬ್ಲಾಕ್ ಒತ್ತುವ ಯಂತ್ರವನ್ನು ಬಡ ಕುಟುಂಬವೊಂದು ಕೊಳ್ಳಲಾರದು, ಕೊಳ್ಳಬೇಕಾಗಿಯೂ ಇಲ್ಲ. ವಸತಿ ಯೋಜನೆಯ ಮನೆ ಹಂಚುವ ಗ್ರಾಮ ಪಂಚಾಯ್ತಿ ಒಂದು ಯಂತ್ರ ಇಟ್ಟುಕೊಂಡು ಬಾಡಿಗೆಗೆ ಕೊಡಲಿ, ನಾಲ್ಕು ಜನ ಮೇಸ್ತ್ರಿಗಳಿಗೆ ತರಬೇತಿ ಕೊಡಿಸಲಿ. ಜಗಳೂರಿನಂಥ ಒಣ ಸೀಮೆಯಲ್ಲಿ ಮೊದಲು ಮಾಡಿ ನೋಡಲಿ, ನದಿ ದಂಡೆಯಲ್ಲಿ ಕಲ್ಲಿನ ಎತ್ತರದ ಪಾಯದ ಮೇಲೆ ಕಟ್ಟಲಿ. ಈ ವರ್ಷ ಮನೆ ಕಟ್ಟುವವರಲ್ಲಿ ಒಂದು ವಿನಂತಿ: ಮಣ್ಣಿನ ಬ್ಲಾಕ್ ಸಿಗದಿದ್ದರೆ ಬೇಡ, ಸಿಮೆಂಟ್ ಬ್ಲಾಕಿನಲ್ಲೇ ಕಟ್ಟಿ. ಒಂದೇ ಅಂತಸ್ತಾದರೆ ಪಿಲ್ಲರ್ ಯಾಕೆ ಬೇಕು ಎಂದು ಮಾತ್ರ ಎಂಜಿನಿಯರನ್ನು ಕೇಳಿ.