ಎಣ್ಣೆ ತಿಕ್ಕುವ ಮುನ್ನ

ಹಬ್ಬದ ಎಣ್ಣೆ ಸ್ನಾನ, ಬಾಣಂತಿಗೆ ಎರೆಯುವುದು, ಉಳುಕಿದ ಕಾಲು ನೀವುವುದು – ಅಂಗಮರ್ದನ ನಮ್ಮ ಮನೆಗಳಿಗೆ ಹೊಸತಲ್ಲ. ಆದರೆ ಮರ್ದನವೆಲ್ಲ ಒಂದೇ ಬಗೆಯದಲ್ಲ. ಎಲ್ಲ ನೋವಿಗೂ ಅದು ಮದ್ದೂ ಅಲ್ಲ.

ಆಯುರ್ವೇದದ ಅಭ್ಯಂಗದಲ್ಲಿ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನೋ ಔಷಧಿ ಹಾಕಿ ಕಾಯಿಸಿದ ತೈಲವನ್ನೋ ಮೈಗೆಲ್ಲ ಹಚ್ಚಿ ತಿಕ್ಕುತ್ತಾರೆ. ದಣಿವು ಕಳೆಯಲಿ, ಚರ್ಮ ಮೃದುವಾಗಲಿ, ನಿದ್ದೆ ಬರಲಿ ಎಂಬುದು ಉದ್ದೇಶ. ವಾಗ್ಭಟನ ‘ಅಷ್ಟಾಂಗಹೃದಯ’ ಇದನ್ನು ದಿನವೂ ಮಾಡಬೇಕೆನ್ನುತ್ತದೆ. ಅಜೀರ್ಣವಾದವರಿಗೆ ಬೇಡವೆಂದೂ ಅದೇ ಗ್ರಂಥ ಹೇಳುತ್ತದೆ. (ಹಬ್ಬದೂಟ ಮುಗಿಸಿ ಎಣ್ಣೆ ಹಚ್ಚಿಕೊಳ್ಳುವವರು ಗಮನಿಸಿ!) ಎಣ್ಣೆಯ ಬದಲು ಪುಡಿಯಿಂದ ಉಜ್ಜಿದರೆ ಅದು ಉದ್ವರ್ತನ.

ಸ್ವೀಡಿಷ್ ಪದ್ಧತಿಯಲ್ಲಿ ಸ್ನಾಯುಗಳನ್ನು ಉದ್ದಕ್ಕೆ ನೀವಿ, ಹಿಟ್ಟಿನಂತೆ ನಾದಿ, ಅಂಗೈಯಂಚಿನಿಂದ ತಟ್ಟುತ್ತಾರೆ. ಜಪಾನಿನ ಶಿಯಾಟ್ಸುವಿನಲ್ಲಿ ಹೆಬ್ಬೆರಳ ಒತ್ತಡವೇ ಮುಖ್ಯ. ಥಾಯ್ ಮರ್ದನಕ್ಕೆ ಎಣ್ಣೆಯೇ ಬೇಡ. ಬಟ್ಟೆ ತೊಟ್ಟೇ ಮಲಗಿಸಿ ಕೈಕಾಲು ಎಳೆದು ಹಿಗ್ಗಿಸುತ್ತಾರೆ. ಇವುಗಳಿಂದ ಬಿಗಿದ ಸ್ನಾಯು ಸಡಿಲವಾಗಿ ಬೆನ್ನು, ಕುತ್ತಿಗೆಯ ನೋವು ಸ್ವಲ್ಪ ಕಾಲ ತಗ್ಗುವುದು ನಿಜ. ಬೊಜ್ಜು ಕರಗುತ್ತದೆಂಬ ಜಾಹೀರಾತನ್ನು ಮಾತ್ರ ನಂಬಬೇಡಿ.

ಮಕ್ಕಳು ಬಿದ್ದು ಮೊಣಕೈ ಊದಿಸಿಕೊಂಡು ಬಂದಾಗ ಎಣ್ಣೆ ಹಚ್ಚಿ ನೀವಿಸುವ ರೂಢಿ ಇನ್ನೂ ಇದೆ. ಇದು ಖಂಡಿತ ಕೂಡದು. ಮೂಳೆ ಮುರಿದಿದ್ದರೆ ಅದು ಕದಲಿ ನರಕ್ಕೆ, ರಕ್ತನಾಳಕ್ಕೆ ಪೆಟ್ಟಾಗಬಹುದು. ಮುರಿಯದಿದ್ದರೂ, ಗಾಯಗೊಂಡ ಸ್ನಾಯುವನ್ನು ಹೊಸಕಿದರೆ ಅದರೊಳಗೇ ಮೂಳೆ ಬೆಳೆದು, ಕೈ ಮಡಿಸಲೂ ಚಾಚಲೂ ಆಗದಂತೆ ಕೀಲು ಬಿಗಿಯುವುದುಂಟು. ಕೈ ಅಲುಗದಂತೆ ಜೋಲಿ ಕಟ್ಟಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಅಪಾಯ ಮೀನಖಂಡದ್ದು. ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಯ ನಂತರ, ಇಲ್ಲವೇ ಬಹುದಿನ ಹಾಸಿಗೆ ಹಿಡಿದವರಲ್ಲಿ, ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ‘ವಾಯು’ ಎಂದು ನೀವಿದರೆ ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿ ಪ್ರಾಣಕ್ಕೇ ಎರವಾದೀತು. ಅದೇ ದಿನ ವೈದ್ಯರಿಗೆ ತೋರಿಸಿ.

ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಳ್ಳುವುದು ಹಿತವೇ. ಆದರೆ ಕೊನೆಗೆ ಗಲ್ಲ ಹಿಡಿದು ಕತ್ತನ್ನು ಲಟಕ್ಕೆಂದು ತಿರುಗಿಸಲು ಬಿಡಬೇಡಿ. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಹಸುಗೂಸಿಗೆ ಕೊಬ್ಬರಿ ಎಣ್ಣೆ ಮೆಲ್ಲನೆ ಸವರಿದರೆ ಸಾಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯ ಆಗಬಹುದು, ಕಿವಿಗೂ ಬೇಡ. ಎರೆಯಲು ಬರುವ ಅಜ್ಜಿಗೆ ಇದನ್ನು ಮೊದಲ ದಿನವೇ ಹೇಳಿಡಿ.